ಆರ್‌ಸಿ ನನ್ನ ಹೆಸರಲ್ಲಿ, ಕಾರು ಅವರ ಬಳಿ

ಪ್ರಶ್ನೆ: ಮದುವೆಯಾಗದೆ ನಾಲ್ಕು ವರ್ಷ ಒಟ್ಟಿಗಿದ್ದು ಈಗ ಬೇರೆಯಾಗಿದ್ದೇವೆ. 2022ರಲ್ಲಿ ಕೊಂಡ ಕಾರಿನ ಆರ್‌ಸಿ, ಸಾಲ ಎರಡೂ ನನ್ನ ಹೆಸರಲ್ಲಿವೆ. ಕಂತು ನನ್ನ ಖಾತೆಯಿಂದಲೇ ಹೋಗುತ್ತದೆ. ಡೌನ್ ಪೇಮೆಂಟ್ ₹2 ಲಕ್ಷ ಗೆಳೆಯ ಕಟ್ಟಿದ್ದ. ‘ದುಡ್ಡು ಹಾಕಿದವನು ನಾನು, ಕಾರು ನನ್ನದೇ’ ಎಂದು ಆತನೇ ಓಡಿಸುತ್ತಿದ್ದಾನೆ. ಕಾರು ಯಾರದ್ದು?
— ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮದೇ. ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಯಾರ ಹೆಸರಲ್ಲಿ ನೋಂದಣಿಯಾಗಿದೆಯೋ ಅವರು ಮಾಲೀಕರು. ಸಿವಿಲ್ ಕೋರ್ಟಿನಲ್ಲಿ ಆರ್‌ಸಿಯೊಂದೇ ಕೊನೆಯ ಮಾತಲ್ಲ, ಆದರೆ ಸಾಲವೂ ಕಂತೂ ನಿಮ್ಮವೇ ಆಗಿರುವುದರಿಂದ ನಿಮ್ಮ ಪಕ್ಷ ಗಟ್ಟಿ. ಆತ ಹೆಚ್ಚೆಂದರೆ ₹2 ಲಕ್ಷ ವಾಪಸ್ ಕೇಳಬಹುದು.

ಕಾರು ಸಿಗುವುದಕ್ಕಿಂತ ದೊಡ್ಡ ಚಿಂತೆ ಬೇರೆ ಇದೆ. ಆತ ಯಾರಿಗಾದರೂ ಗುದ್ದಿದರೆ ಪರಿಹಾರದ ಹೊಣೆ ನಿಮ್ಮ ತಲೆಗೆ ಬರುತ್ತದೆ. ಕಾರು ಮಾರಿ ಕೈತೊಳೆದುಕೊಂಡಿದ್ದರೂ ಆರ್‌ಸಿಯಲ್ಲಿ ಯಾರ ಹೆಸರು ಉಳಿದಿದೆಯೋ ಅವರೇ ಹೊಣೆ ಎಂದು ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹಾಗಾಗಿ ಇವತ್ತೇ ಇನ್ಶೂರೆನ್ಸ್ ಮುಗಿಯುವ ತಾರೀಖು ನೋಡಿ. ಆತ ಕಟ್ಟುತ್ತಾನೆಂದು ಕಾಯಬೇಡಿ, ಥರ್ಡ್ ಪಾರ್ಟಿಯನ್ನಾದರೂ ನೀವೇ ಕಟ್ಟಿ. ಕಂತನ್ನೂ ನಿಲ್ಲಿಸಬೇಡಿ. ನಿಮ್ಮಿಬ್ಬರ ಜಗಳ ಬ್ಯಾಂಕಿಗೆ ಸಂಬಂಧವಿಲ್ಲ, ಸಿಬಿಲ್ ಕೆಡುವುದು ನಿಮ್ಮದು.

ಸ್ಪೇರ್ ಕೀ ಇದೆಯೆಂದು ರಾತ್ರೋರಾತ್ರಿ ಎತ್ತಿಕೊಂಡು ಬರಬೇಡಿ. ಒಳಗಿದ್ದ ಲ್ಯಾಪ್‌ಟಾಪ್ ಹೋಯಿತೆಂದು ಆತ ಎದುರು ದೂರು ಕೊಟ್ಟರೆ ಸ್ಟೇಷನ್ ಅಲೆದಾಟ ನಿಮಗೇ. ವಕೀಲರ ಮೂಲಕ ನೋಟಿಸ್ ಕೊಡಿಸಿ: ಇಂಥ ದಿನದೊಳಗೆ ಕಾರು, ಎರಡೂ ಕೀ ಒಪ್ಪಿಸಬೇಕು, ಅಲ್ಲಿಯವರೆಗೆ ಓಡಿಸಲು ನನ್ನ ಒಪ್ಪಿಗೆಯಿಲ್ಲ ಎಂದು. ಜೊತೆಗೆ ಇನ್‌ವಾಯ್ಸ್, ಆರ್‌ಸಿ, ಸಾಲದ ಸ್ಟೇಟ್‌ಮೆಂಟ್ ಪ್ರತಿಗಳಿರಲಿ. ಪೊಲೀಸರು ‘ಇದು ಸಿವಿಲ್ ವ್ಯಾಜ್ಯ’ ಎಂದು ಕೈಚೆಲ್ಲುವುದೇ ಹೆಚ್ಚು. ಆಗ ಸಿವಿಲ್ ಕೋರ್ಟಿನಲ್ಲಿ ಕಾರು ಒಪ್ಪಿಸುವಂತೆ ದಾವೆ ಹೂಡಬೇಕು. ಅಲ್ಲೂ ಈ ನೋಟಿಸ್ಸೇ ಮೊದಲ ದಾಖಲೆ.

ಆತನಿಗೇ ಬಿಟ್ಟುಕೊಡುವುದಾದರೆ ಮೊದಲು ಸಾಲ ತೀರಲಿ, ಬ್ಯಾಂಕಿನಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಪಡೆಯಿರಿ. ಆಮೇಲೆ ಹೆಸರು ವರ್ಗಾವಣೆಯ ಫಾರಂ 29, 30. ಇಲ್ಲೇ ಹೆಚ್ಚಿನವರು ಎಡವುವುದು: ಖಾಲಿ ಫಾರಂಗಳಿಗೆ ಸಹಿ ಹಾಕಿ ಕೊಟ್ಟು, ಮುಂದಿನದು ಆತ ಮಾಡಿಸಿಕೊಳ್ಳುತ್ತಾನೆಂದು ಸುಮ್ಮನಾಗುತ್ತಾರೆ. ವರ್ಷಗಟ್ಟಲೆ ಅದು ಡ್ರಾಯರಿನಲ್ಲೇ ಬಿದ್ದಿರುತ್ತದೆ, ಆರ್‌ಸಿಯಲ್ಲಿ ಹೆಸರು ನಿಮ್ಮದೇ. ಆರ್‌ಟಿಒಗೆ ಜೊತೆಯಲ್ಲೇ ಹೋಗಿ. ರಾಜ್ಯದೊಳಗಿನ ವರ್ಗಾವಣೆಯನ್ನು ನೀವು 14 ದಿನದೊಳಗೆ ತಿಳಿಸಬೇಕು. ಪರಿವಾಹನ್ ಪೋರ್ಟಲ್‌ನಲ್ಲಿ ಹೆಸರು ಬದಲಾದದ್ದನ್ನು ಕಣ್ಣಾರೆ ನೋಡಿ. ನಿಮ್ಮ ಫಾಸ್ಟ್ಯಾಗ್ ಮುಚ್ಚಿಸಿ, ಇಲ್ಲದಿದ್ದರೆ ಆತನ ಟೋಲ್ ನಿಮ್ಮ ಖಾತೆಯಿಂದ ಹೋಗುತ್ತಿರುತ್ತದೆ.

ಪ್ರಶ್ನೆ: ಗೆಳತಿಯ ಸ್ಕೂಟರಿಗೆ ₹90,000 ಯುಪಿಐ ಮಾಡಿದ್ದೆ. ಆರ್‌ಸಿ ಅವಳದ್ದು. ದುಡ್ಡು ನನ್ನದಾದ್ದರಿಂದ ಸ್ಕೂಟರ್ ಕೇಳಬಹುದೇ?
— ಓದುಗ, ತುಮಕೂರು

ಉತ್ತರ: ಉಡುಗೊರೆಯಾಗಿದ್ದರೆ ಕೈಸೇರಿದ ಮೇಲೆ ವಾಪಸ್ ಕೇಳುವಂತಿಲ್ಲ. ‘ಹೆಸರು ಮಾತ್ರ ಅವಳದ್ದು, ಸ್ಕೂಟರ್ ನನ್ನದು’ ಎಂದು ವಾದಿಸಲೂ ಹೋಗಬೇಡಿ, ಒಬ್ಬರ ದುಡ್ಡಲ್ಲಿ ಇನ್ನೊಬ್ಬರ ಹೆಸರಲ್ಲಿ ಆಸ್ತಿ ಕೊಳ್ಳುವುದನ್ನು ತಡೆಯುವ ಬೇನಾಮಿ ಕಾಯ್ದೆ ಅಡ್ಡ ಬರುತ್ತದೆ. ಗಂಡ, ಹೆಂಡತಿ, ಮಕ್ಕಳ ಹೆಸರಲ್ಲಿ ಕೊಂಡರೆ ಅದರಲ್ಲಿ ವಿನಾಯಿತಿಯಿದೆ, ಪ್ರೇಮಿಗಳಿಗಿಲ್ಲ. ನಿಜಕ್ಕೂ ಸಾಲವೆಂದೇ ಕೊಟ್ಟಿದ್ದರೆ, ‘ತಿಂಗಳಾ ಕೊಡ್ತೀನಿ’ ಎಂಬಂಥ ವಾಟ್ಸಾಪ್ ಸಂದೇಶವಿದ್ದರೆ, ಕೊಟ್ಟ ದಿನದಿಂದ 3 ವರ್ಷದೊಳಗೆ ಹಣಕ್ಕಾಗಿ ದಾವೆ ಹೂಡಬಹುದು.