ಎಲೆ ಮೇಲಕ್ಕೆ ಮುದುಡಿದೆಯೋ, ಕೆಳಕ್ಕೋ? – ಕೈತೋಟದ ಪ್ರಶ್ನೋತ್ತರ

ಪ್ರಶ್ನೆ: ಕುಂಡದಲ್ಲಿರುವ ಮೆಣಸಿನ ಗಿಡಗಳ ಚಿಗುರೆಲ್ಲ ಮುದುಡುತ್ತಿದೆ. ಬೇವಿನ ಎಣ್ಣೆ ಹೊಡೆದರೂ ಕಡಿಮೆಯಾಗಿಲ್ಲ. ಏನು ಮಾಡಬೇಕು?

ಉತ್ತರ: ಔಷಧಿಗಿಂತ ಮೊದಲು ಎಲೆ ಯಾವ ಕಡೆ ಮುದುಡಿದೆ ನೋಡಿ. ಅಂಚುಗಳು ದೋಣಿಯಂತೆ ಮೇಲಕ್ಕೆ ಮಡಚಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್ ಎಂಬ ರಸ ಹೀರುವ ಪುಟ್ಟ ಹುಳು. ಕೆಳಕ್ಕೆ ಬಾಗಿ, ಎಲೆ ಸಪೂರವಾಗಿ, ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಎಲೆ ಚಿಕ್ಕದಾಗಿ ಹಳದಿ ತಿರುಗಿ, ನರ ದಪ್ಪವಾಗಿ, ಗಿಡವೇ ಗಿಡ್ಡಗಾಗಿದ್ದರೆ ಅದು ಬಿಳಿ ನೊಣ ಹರಡುವ ನಂಜುರೋಗ (ವೈರಸ್). ಇದಕ್ಕೆ ಮದ್ದಿಲ್ಲ, ಗಿಡಕ್ಕೆ ಚೀಲ ಮುಚ್ಚಿ ಕಿತ್ತುಹಾಕಿ, ಇಲ್ಲದಿದ್ದರೆ ನೊಣಗಳು ಪಕ್ಕದ ಗಿಡಕ್ಕೆ ಹಾರುತ್ತವೆ.

ಅನುಮಾನವಿದ್ದರೆ ಚಿಗುರನ್ನು ಬಿಳಿ ಹಾಳೆಯ ಮೇಲೆ ಹಿಡಿದು ತಟ್ಟಿ. ಸುಮಾರು 1 ಮಿ.ಮೀ. ಉದ್ದದ, ಸಪೂರ ಮೈಯ ಹುಳುಗಳು ಹರಿದಾಡಿದರೆ ಥ್ರಿಪ್ಸ್. ಮೆಣಸಿನ ಮೈಟ್ 0.2 ಮಿ.ಮೀ. ಆಸುಪಾಸಿನದು, ಭೂತಗನ್ನಡಿ ಇಲ್ಲದೆ ಕಾಣದು.

ಥ್ರಿಪ್ಸ್ ಇದ್ದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, 1 ಮಿ.ಲೀ. ದ್ರವ ಸೋಪು. ಮೊದಲು ಎಣ್ಣೆಗೆ ಸೋಪು ಸೇರಿಸಿ, ಸ್ವಲ್ಪ ಉಗುರುಬೆಚ್ಚಗಿನ ನೀರಲ್ಲಿ ಹಾಲಿನ ಬಣ್ಣ ಬರುವವರೆಗೆ ಕದಡಿ, ಆಮೇಲೆ ಉಳಿದ ನೀರು ಹಾಕಿ. ಎಣ್ಣೆ ಮೇಲೆ ತೇಲುತ್ತಿದ್ದರೆ ಒಂದು ಗಿಡಕ್ಕೆ ಬರೀ ನೀರು ಬಿದ್ದು, ಇನ್ನೊಂದಕ್ಕೆ ಬರೀ ಎಣ್ಣೆ ಬಿದ್ದು ಎಲೆ ಸುಡುತ್ತದೆ. ಬಹಳ ಜನ ಎಡವುವುದು ಇಲ್ಲೇ. ಸಂಜೆ ಹೊತ್ತು, ಎಲೆಯ ಅಡಿಭಾಗ ತೋಯುವಂತೆ, 5–7 ದಿನಕ್ಕೊಮ್ಮೆ ಮೂರು ಸಲ ಸಿಂಪಡಿಸಿ. ಥ್ರಿಪ್ಸ್ ಮೊಟ್ಟೆ ಎಲೆಯೊಳಗೆ, ಹುಳು ಬಲಿಯುವ ಮುಂಚಿನ ಕೋಶಾವಸ್ಥೆ ಹೆಚ್ಚಾಗಿ ಮಣ್ಣಿನಲ್ಲಿ. ಒಂದೇ ಸಿಂಪಡಣೆ ಎರಡನ್ನೂ ಮುಟ್ಟುವುದಿಲ್ಲ. ಕಲಸಿದ್ದನ್ನು ಅಂದೇ ಮುಗಿಸಿ. ಈಗಾಗಲೇ ಮುದುಡಿದ ಎಲೆ ಮತ್ತೆ ಬಿಡಿಸಿಕೊಳ್ಳುವುದಿಲ್ಲ, ಹೊಸ ಚಿಗುರು ನೋಡಿಯೇ ಫಲ ಅಳೆಯಿರಿ.

ಮೈಟ್ ಆದರೆ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ 2–3 ಗ್ರಾಂ. ಎಣ್ಣೆ ಹೊಡೆದು ಎರಡು ವಾರ ಕಳೆಯದೆ ಗಂಧಕ ಬೇಡ. 32 ಡಿಗ್ರಿ ಮೀರಿದ ಬಿಸಿಲಿನಲ್ಲೂ ಬೇಡ. ಎಲೆ ಸುಡುತ್ತದೆ.

ಪ್ರಶ್ನೆ: ಟೊಮೆಟೊ ಕಾಯಿಯ ಬುಡ ಕಪ್ಪಗಾಗಿ ಗುಳಿ ಬೀಳುತ್ತಿದೆ. ಯಾವ ಶಿಲೀಂಧ್ರನಾಶಕ ಒಳ್ಳೆಯದು?

ಉತ್ತರ: ಯಾವುದೂ ಬೇಡ, ಇದು ರೋಗವೇ ಅಲ್ಲ. ಕಾಯಿಗೆ ಸುಣ್ಣದಂಶ ತಲುಪಿಲ್ಲ. ಅದು ನೀರಿನ ಜೊತೆಗೇ ಸಾಗುವುದರಿಂದ, ಮಣ್ಣಿನಲ್ಲಿ ಸಾಕಷ್ಟಿದ್ದರೂ ಒಂದು ದಿನ ಒಣಗಿಸಿ ಮರುದಿನ ಮುಳುಗಿಸಿದರೆ ಕಾಯಿಗೆ ಸಿಗುವುದಿಲ್ಲ. ದಿನವೂ ಒಂದೇ ಹದದಲ್ಲಿ ತೇವವಿರಲಿ, ಗಿಡದ ಬುಡಕ್ಕೆ 5 ಸೆಂ.ಮೀ. ಒಣಎಲೆ ಹೊದಿಸಿ, ಯೂರಿಯಾ ನಿಲ್ಲಿಸಿ. ಸುಣ್ಣದಂಶಕ್ಕೆಂದು ಮೊಟ್ಟೆಚಿಪ್ಪು ಹಾಕಿದರೆ ಅದು ಕರಗುವಷ್ಟರಲ್ಲಿ ಈ ಬೆಳೆಯೇ ಮುಗಿದಿರುತ್ತದೆ.

ಪ್ರಶ್ನೆ: ಸೌತೆ ಎಲೆಗಳ ಮೇಲೆ ಬಿಳಿ ಪುಡಿ. ಎಲೆ ಒದ್ದೆಯಾಗಿದ್ದಕ್ಕೇ?

ಉತ್ತರ: ಇಲ್ಲ. ಬೂದಿ ರೋಗಕ್ಕೆ ಎಲೆ ಒದ್ದೆಯಾಗಬೇಕಿಲ್ಲ. ಗಾಳಿಯಾಡದ ಒತ್ತು ಬಳ್ಳಿ, ನೆರಳು ಸಾಕು. ಕೆಳಗಿನ ಎಲೆ ತೆಗೆದು ಗಾಳಿ ಬಿಡಿ. ಗಂಧಕ ರೋಗವನ್ನು ಹತೋಟಿಗೆ ತರುತ್ತದೆ, ಆದರೆ ಸೌತೆ ಜಾತಿಯ ಕೆಲವು ಬಳ್ಳಿ ಅದರಿಂದ ಸುಡುವುದುಂಟು. ಎರಡು ಎಲೆಗೆ ಹೊಡೆದು ಎರಡು ದಿನ ಕಾಯಿರಿ.

ಪ್ರಶ್ನೆ: ದಾಸವಾಳದ ತುದಿಗೆ ಹತ್ತಿಯಂಥದ್ದು ಮೆತ್ತಿದೆ, ಇರುವೆ ಸಾಲು ಬೇರೆ.

ಉತ್ತರ: ಹಿಟ್ಟು ತಿಗಣೆ. ಅದರ ಸಿಹಿ ಅಂಟಿಗಾಗಿ ಇರುವೆಗಳು ಕಾವಲು ನಿಂತು, ತಿಗಣೆ ತಿನ್ನುವ ಗುಲಗಂಜಿ ಹುಳುಗಳನ್ನು ಓಡಿಸುತ್ತವೆ. ಕಾಂಡಕ್ಕೆ ಟೇಪ್ ಸುತ್ತಿ ಅದರ ಮೇಲೆ ಅಂಟು ಬಳಿದು ಮೊದಲು ಇರುವೆ ತಡೆಯಿರಿ. ತೀರಾ ಮುತ್ತಿದ ತುದಿ ಕತ್ತರಿಸಿ, ಉಳಿದದ್ದಕ್ಕೆ ರಭಸದ ನೀರು ಬಿಡಿ. ಒಂದು ಎಚ್ಚರಿಕೆ: ಗುಲಗಂಜಿ ಹುಳುವಿನ ಒಂದು ಜಾತಿಯ ಮರಿ ತಿಗಣೆಯಂತೆಯೇ ಬಿಳಿ ಮೇಣ ಹೊದ್ದಿರುತ್ತದೆ, ಎಳೆಗಳು ಮಾತ್ರ ಉದ್ದ. ಕಡ್ಡಿಯಿಂದ ಮುಟ್ಟಿ ನೋಡಿ. ಚುರುಕಾಗಿ ಓಡಿದರೆ ಕೊಲ್ಲಬೇಡಿ, ಅದು ತಿಗಣೆ ತಿನ್ನಲು ಬಂದದ್ದು.