ಬಯಾಪ್ಸಿ ಆದ ಮೇಲೂ ತೆಗೆದ ಧ್ವನಿಪೆಟ್ಟಿಗೆಯನ್ನು ಇಡಿಯಾಗಿ ಸೀಳಿ ಪರೀಕ್ಷಿಸುವುದು ಯಾಕೆ?

ಬಯಾಪ್ಸಿಗೆಂದು ಗಡ್ಡೆಯಿಂದ ತೆಗೆದ ಚೂರು ‘ಇದು ಕ್ಯಾನ್ಸರ್, ಇಂಥ ಬಗೆಯದು’ ಎಂದಷ್ಟೇ ಹೇಳುತ್ತದೆ. ಅದು ಯಾವ ದಾರಿ ಹಿಡಿದು ಎಲ್ಲಿಯವರೆಗೆ ಹೋಗಿದೆ ಎಂದು ತಿಳಿಯಲು ಇಡೀ ಅಂಗವೇ ಬೇಕು. ನಮ್ಮ ಶಿರಸಿ ಕಡೆ ಹಲಸಿನ ಹಣ್ಣಿನ ಮೇಲೆ ಕಪ್ಪು ಕಲೆ ಕಂಡರೆ, ಸೀಳಿದಾಗಲೇ ಕೊಳೆ ಎಷ್ಟು ಒಳಗಿದೆ ಎಂದು ಗೊತ್ತಾಗುವುದು, ಅಲ್ವಾ? ಇದೂ ಹಾಗೇ.

ಆಪರೇಷನ್‌ನಲ್ಲಿ ತೆಗೆದ ಪೆಟ್ಟಿಗೆಯನ್ನು ಕೊಳೆಯದಂತೆ ಕಾಯುವ ಫಾರ್ಮಾಲಿನ್ ದ್ರಾವಣದಲ್ಲಿಟ್ಟು, ಆಮೇಲೆ ಅದರ ಸುಣ್ಣದಂಶ ಕರಗಿಸುತ್ತಾರೆ. ವಯಸ್ಸಾದಂತೆ ಅಲ್ಲಿನ ಮೆದು ಎಲುಬು ಗಟ್ಟಿಯಾಗಿರುತ್ತದೆ, ಹಾಗೇ ಕೊಯ್ಯಲು ಬರುವುದಿಲ್ಲ. ಇದಕ್ಕೇ ವಾರಗಟ್ಟಲೆ ಹಿಡಿಯಬಹುದು. ನಂತರ ಕೂದಲಿಗಿಂತ ತೆಳ್ಳಗೆ ಪದರ ಪದರವಾಗಿ ಕೊಯ್ದು, ಬಣ್ಣ ಹಾಕಿ, ಸಾಲಾಗಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ.

ಸೋಜಿಗ ಇಲ್ಲಿದೆ. ಗಡ್ಡೆ ಎಲ್ಲ ದಿಕ್ಕಿಗೂ ಒಂದೇ ಸಮ ಹರಡುವುದಿಲ್ಲ. ಧ್ವನಿತಂತುವಿನ ಪಕ್ಕದ ಕೊಬ್ಬು ತುಂಬಿದ ಸಂದಿ ಸಿಕ್ಕರೆ, ಮೇಲ್ಪದರ ಚೆನ್ನಾಗೇ ಕಾಣುವಾಗಲೂ ಒಳಗಿಂದೊಳಗೇ ಮೇಲೆ ಕೆಳಗೆ ಜಾರುತ್ತದೆ. ಗಟ್ಟಿ ಎಲುಬಾಗಿ ಬದಲಾದ ಭಾಗಕ್ಕೆ ಜಾಸ್ತಿ ನುಗ್ಗುತ್ತದೆ. ಮೆದುವಾಗಿಯೇ ಉಳಿದದ್ದು ಅದನ್ನು ಹೆಚ್ಚು ತಡೆಯುತ್ತದೆ! ನಾವು ಅಂದುಕೊಳ್ಳುವುದಕ್ಕೆ ತದ್ವಿರುದ್ಧ. ಈ ದಾರಿಗಳು ತಿಳಿದ ಮೇಲೆ, ಯಾರಿಗೆ ಸ್ವಲ್ಪ ಭಾಗ ಮಾತ್ರ ತೆಗೆದು ದನಿ ಉಳಿಸಬಹುದು ಎಂಬುದು ಸರ್ಜನ್‌ಗಳಿಗೆ ಇನ್ನಷ್ಟು ಸ್ಪಷ್ಟವಾಯಿತು.

ಪ್ರತಿ ರೋಗಿಗೂ ಇಷ್ಟೆಲ್ಲ ಮಾಡುವುದಿಲ್ಲ. ದಿನನಿತ್ಯದ ಲ್ಯಾಬಿನಲ್ಲಿ ಮುಖ್ಯ ಜಾಗಗಳ ತುಂಡುಗಳನ್ನಷ್ಟೇ ನೋಡುತ್ತಾರೆ.