ಒಂದೇ ಚಾಂಪಿಯನ್‌ಷಿಪ್, ಇಪ್ಪತ್ತೊಂದು ಋತು: ಡರ್ಕ್ ನೋವಿಟ್ಸ್ಕಿ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಸಾರ್ವಕಾಲಿಕ ಶ್ರೇಷ್ಠರನ್ನು ಹೆಸರಿಸುವಾಗ ಜರ್ಮನಿಯ ಡರ್ಕ್ ನೋವಿಟ್ಸ್ಕಿ ಅವರನ್ನು ಯಾರೂ ಬಿಡುವುದಿಲ್ಲ. ಅವರು ಗೆದ್ದದ್ದು ಒಂದೇ ಚಾಂಪಿಯನ್‌ಷಿಪ್. ಐದು, ಆರು ಗೆದ್ದವರ ಸಾಲಿನಲ್ಲಿ ಅವರನ್ನು ಕೂರಿಸುವುದು ನ್ಯಾಯವೇ?

ಉತ್ತರ: ಪ್ರಶಸ್ತಿಗಳ ಎಣಿಕೆಯೇ ಅಳತೆಗೋಲಾದರೆ ಏಳು ಚಾಂಪಿಯನ್‌ಷಿಪ್ ಗೆದ್ದ ತಂಡಗಳಲ್ಲಿದ್ದ ರಾಬರ್ಟ್ ಹೋರಿ, ಆರು ಗೆದ್ದ ಮೈಕಲ್ ಜೋರ್ಡನ್‌ಗಿಂತ ದೊಡ್ಡ ಆಟಗಾರ ಎನ್ನಬೇಕಾಗುತ್ತದೆ; ಹಾಗೆಂದು ಸ್ವತಃ ಹೋರಿಯೂ ಹೇಳಲಾರರು. ನೋವಿಟ್ಸ್ಕಿ 1998ರಿಂದ 2019ರವರೆಗೆ 21 ಋತುಗಳನ್ನು ಡಲ್ಲಾಸ್ ಮ್ಯಾವರಿಕ್ಸ್ ಎಂಬ ಒಂದೇ ತಂಡಕ್ಕಾಗಿ ಆಡಿ 31,560 ಅಂಕಗಳನ್ನು ಗಳಿಸಿದರು. ನಿವೃತ್ತಿಯ ಹೊತ್ತಿಗೆ ಅಂಕ ಗಳಿಕೆಯಲ್ಲಿ ಅವರದು ಸಾರ್ವಕಾಲಿಕ ಆರನೇ ಸ್ಥಾನವಾಗಿತ್ತು.

ಆದರೆ ಅವರ ಮಹತ್ವವನ್ನು ಅಂಕಗಳಿಗಿಂತ ಆಟದ ಸ್ವರೂಪದಲ್ಲಿ ಹುಡುಕಬೇಕೆಂದು ನನಗೆ ಅನ್ನಿಸುತ್ತದೆ. ಅವರು ಬಂದ ಕಾಲದಲ್ಲಿ ಏಳಡಿ ಎತ್ತರದ ಆಟಗಾರನ ಕೆಲಸ ಹೆಚ್ಚುಕಡಿಮೆ ನಿಗದಿಯಾಗಿತ್ತು: ಬ್ಯಾಸ್ಕೆಟ್‌ನ ಬಳಿ ಬೆನ್ನು ತಿರುಗಿಸಿ ನಿಲ್ಲುವುದು, ಮೈಬಲದಿಂದ ಎದುರಾಳಿಯನ್ನು ಹಿಂದಕ್ಕೆ ತಳ್ಳುವುದು, ಗುರಿ ತಪ್ಪಿ ಪುಟಿದುಬಂದ ಚೆಂಡನ್ನು (ರೀಬೌಂಡ್) ಹಿಡಿಯುವುದು. ದೂರದಿಂದ ಗುರಿಯಿಟ್ಟು ಎಸೆಯಬಲ್ಲ ಎತ್ತರದವರು ಮೊದಲೂ ಇದ್ದರು, ನಿಜ. ಆದರೆ ಅಂಥವನೊಬ್ಬನನ್ನು ನಡುವೆ ಇಟ್ಟುಕೊಂಡು ತಂಡದ ಇಡೀ ಆಕ್ರಮಣವನ್ನು ಕಟ್ಟಬಹುದು, ಹಾಗೆ ಕಟ್ಟಿ ಚಾಂಪಿಯನ್ ಕೂಡ ಆಗಬಹುದು ಎಂದು ತೋರಿಸಿದವರು ನೋವಿಟ್ಸ್ಕಿ. ಅವರು ಮೂರು ಅಂಕಗಳ ಗೆರೆಯ ಹೊರಗೆ ನಿಂತರೆ, ಅವರನ್ನು ಕಾಯುವ ಎತ್ತರದ ರಕ್ಷಕ ಬ್ಯಾಸ್ಕೆಟ್ ಬಿಟ್ಟು ಅಷ್ಟು ದೂರ ಬರಲೇಬೇಕಾಗುತ್ತಿತ್ತು. ಅವನು ಬಿಟ್ಟುಬಂದ ಜಾಗಕ್ಕೆ ಡಲ್ಲಾಸ್‌ನ ಗಿಡ್ಡ, ಚುರುಕು ಆಟಗಾರರು ನುಗ್ಗುತ್ತಿದ್ದರು. ಚುರುಕಾದ ಗಿಡ್ಡ ರಕ್ಷಕನನ್ನು ನಿಲ್ಲಿಸಿದರೆ ಅವನ ತಲೆಯ ಮೇಲಿಂದ ಎಸೆತ, ಎತ್ತರದ ನಿಧಾನಿಯನ್ನು ನಿಲ್ಲಿಸಿದರೆ ಅವನ ಪಕ್ಕದಿಂದ ಓಟ. ಇಂದು ಎನ್‌ಬಿಎಯಲ್ಲಿ ದೂರದಿಂದ ಎಸೆಯಲು ಬಾರದ ಎತ್ತರದ ಆಟಗಾರನಿಗೆ ಜಾಗ ಸಿಗುವುದೇ ಕಷ್ಟ ಎಂಬ ಸ್ಥಿತಿಗೆ ಅವರೊಬ್ಬರೇ ಕಾರಣರಲ್ಲ, ಆದರೆ ಅವರನ್ನು ಬಿಟ್ಟು ಆ ಬದಲಾವಣೆಯನ್ನು ವಿವರಿಸಲು ಸಾಧ್ಯವಿಲ್ಲ.

ಪ್ರಶ್ನೆ: ಒಂದೇ ಕಾಲಿನ ಮೇಲೆ ಹಿಂದಕ್ಕೆ ವಾಲಿ ಎಸೆಯುವ ಅವರ ಪ್ರಸಿದ್ಧ ಎಸೆತವನ್ನು ತಡೆಯುವುದು ಅಷ್ಟು ಕಷ್ಟವೇಕೆ? ಅದನ್ನು ಅವರು ಎಲ್ಲಿ ಕಲಿತರು?

ಉತ್ತರ: ಎಡಗಾಲಿನಿಂದ ಮೇಲಕ್ಕೆ ಚಿಮ್ಮಿ ಹಿಂದಕ್ಕೆ ವಾಲುವಾಗ ಅವರ ಬಲಮೊಣಕಾಲು ಮೇಲೆದ್ದು ತಮಗೂ ರಕ್ಷಕನಿಗೂ ನಡುವೆ ಅಂತರವನ್ನು ನಿರ್ಮಿಸುತ್ತಿತ್ತು. ಏಳಡಿ ಎತ್ತರದವನ ಚಾಚಿದ ಕೈಯಿಂದ, ಅದೂ ದೂರ ಸರಿಯುತ್ತಿರುವ ದೇಹದಿಂದ ಬಿಡುಗಡೆಯಾಗುವ ಚೆಂಡನ್ನು ಮುಟ್ಟಬೇಕಾದರೆ ರಕ್ಷಕ ಅವರ ಮೈಮೇಲೆಯೇ ಬೀಳಬೇಕು. ಬಿದ್ದರೆ ಫೌಲ್, ಫೌಲ್ ಆದರೆ ಫ್ರೀ ಥ್ರೋ, ಅಂದರೆ ಯಾರ ಅಡ್ಡಿಯೂ ಇಲ್ಲದೆ ಎಸೆಯುವ ಅವಕಾಶ. ಫ್ರೀ ಥ್ರೋಗಳಲ್ಲಿ ಅವರ ವೃತ್ತಿಜೀವನದ ಯಶಸ್ಸು ಶೇ 87.9. ಎದುರಾಳಿಗೆ ಯಾವ ದಾರಿಯೂ ಲಾಭದ್ದಲ್ಲ. ಮುಂದೆ ಲೆಬ್ರಾನ್ ಜೇಮ್ಸ್, ಕೆವಿನ್ ಡ್ಯೂರಾಂಟ್ ಅವರಂಥವರೂ ಈ ಎಸೆತವನ್ನು ತಮ್ಮದಾಗಿಸಿಕೊಂಡರು.

ಕಲಿಕೆಯ ಹಿಂದೆ ಇರುವವರು ಹೋಲ್ಗರ್ ಗೆಶ್ವಿಂಡ್ನರ್. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಪಶ್ಚಿಮ ಜರ್ಮನಿಯ ಪರ ಆಡಿದ್ದ, ಗಣಿತ ಮತ್ತು ಭೌತಶಾಸ್ತ್ರ ಓದಿದ್ದ ಈ ವ್ಯಕ್ತಿ, ವ್ಯೂರ್ಟ್ಸ್‌ಬುರ್ಗ್ ನಗರದ ತೆಳ್ಳನೆಯ ಹುಡುಗನೊಬ್ಬನನ್ನು ಆಯ್ದು, ಚೆಂಡನ್ನು ಯಾವ ಕೋನದಲ್ಲಿ ಕೈಬಿಟ್ಟರೆ ಸಣ್ಣ ತಪ್ಪಿದ್ದರೂ ಒಳಗೆ ಬೀಳುತ್ತದೆ ಎಂದು ಲೆಕ್ಕ ಹಾಕಿ ತರಬೇತಿ ಕೊಟ್ಟರು. ಸಾಕಷ್ಟು ವಿಚಿತ್ರ ವಿಧಾನಗಳೂ ಅದರಲ್ಲಿದ್ದವು. ಸ್ಯಾಕ್ಸೊಫೋನ್ ಕಲಿಕೆಯೂ ಅದರ ಭಾಗವಾಗಿತ್ತು. ತಾಯಿ ಬ್ಯಾಸ್ಕೆಟ್‌ಬಾಲ್, ತಂದೆ ಹ್ಯಾಂಡ್‌ಬಾಲ್ ಆಡಿದ ಮನೆಯ ಹುಡುಗ ಕ್ರೀಡೆಗೆ ಹೊಸಬನೇನಲ್ಲ. 1998ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಮಿಲ್ವಾಕಿ ಬಕ್ಸ್ ಅವರನ್ನು ಒಂಬತ್ತನೆಯವರಾಗಿ ಆರಿಸಿ, ರಾಬರ್ಟ್ ಟ್ರೇಲರ್ ಎಂಬ ಆಟಗಾರನಿಗಾಗಿ ಡಲ್ಲಾಸ್‌ಗೆ ಬಿಟ್ಟುಕೊಟ್ಟಿತು. ಈಗ ನೋಡಿದರೆ ಎನ್‌ಬಿಎಯ ಅತ್ಯಂತ ನಷ್ಟದ ವ್ಯವಹಾರಗಳಲ್ಲಿ ಅದೂ ಒಂದು.

ಪ್ರಶ್ನೆ: ಒತ್ತಡದ ಪಂದ್ಯಗಳಲ್ಲಿ ಅವರು ಕುಸಿಯುತ್ತಾರೆ ಎಂಬ ಮಾತು ಒಂದು ಕಾಲದಲ್ಲಿ ಇತ್ತಲ್ಲವೇ?

ಉತ್ತರ: ಇತ್ತು, ಮತ್ತು ಅದಕ್ಕೆ ಆಧಾರಗಳೂ ಇದ್ದವು. ಮೊದಲು ನಾಲ್ಕು ಪಂದ್ಯ ಗೆದ್ದವರು ಚಾಂಪಿಯನ್ ಆಗುವ ಸರಣಿಯೇ ಫೈನಲ್ಸ್. 2006ರ ಫೈನಲ್ಸ್‌ನಲ್ಲಿ ಮಿಯಾಮಿ ಹೀಟ್ ವಿರುದ್ಧ ಮೊದಲೆರಡು ಪಂದ್ಯ ಗೆದ್ದ ಡಲ್ಲಾಸ್ ಮುಂದಿನ ನಾಲ್ಕನ್ನೂ ಸೋತಿತು. ಮರುವರ್ಷದ್ದು ಇನ್ನೂ ಕಹಿ. 67 ಪಂದ್ಯ ಗೆದ್ದು ಅಗ್ರಸ್ಥಾನದಲ್ಲಿದ್ದ ತಂಡ, ಎಂಟನೇ ಸ್ಥಾನದ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ಗೆ ಮೊದಲ ಸುತ್ತಿನಲ್ಲೇ ಶರಣಾಯಿತು. ಕೊನೆಯ ಪಂದ್ಯದಲ್ಲಿ ನೋವಿಟ್ಸ್ಕಿ 13 ಎಸೆತಗಳಲ್ಲಿ ಎರಡನ್ನಷ್ಟೇ ಗುರಿ ಮುಟ್ಟಿಸಿದರು. ಎದುರಾಳಿ ತಂಡದ ತರಬೇತುದಾರ ಡಾನ್ ನೆಲ್ಸನ್, ನೋವಿಟ್ಸ್ಕಿಯವರನ್ನು ಡಲ್ಲಾಸ್‌ಗೆ ಕರೆತಂದಿದ್ದವರೇ ಆಗಿದ್ದರಿಂದ ಅವರ ದೌರ್ಬಲ್ಯಗಳೆಲ್ಲ ಆತನಿಗೆ ಗೊತ್ತಿದ್ದವು. ವರ್ಷದ ಅತ್ಯಮೂಲ್ಯ ಆಟಗಾರ ಪ್ರಶಸ್ತಿಯನ್ನು ನೋವಿಟ್ಸ್ಕಿ, ತಂಡ ಹೊರಬಿದ್ದ ಮೇಲೆ ಮುಜುಗರದಿಂದಲೇ ಸ್ವೀಕರಿಸಬೇಕಾಯಿತು.

2011ರಲ್ಲಿ ಆ ಲೆಕ್ಕ ಚುಕ್ತಾ ಆಯಿತು. ಪಶ್ಚಿಮ ವಲಯದ ಫೈನಲ್‌ನ ಮೊದಲ ಪಂದ್ಯದಲ್ಲಿ ಒಕ್ಲಹೋಮ ಸಿಟಿ ವಿರುದ್ಧ ಅವರು ಗಳಿಸಿದ 48 ಅಂಕಗಳಲ್ಲಿ 24 ಫ್ರೀ ಥ್ರೋಗಳಿಂದ ಬಂದವು, ಒಂದೂ ತಪ್ಪಲಿಲ್ಲ. ಫೈನಲ್ಸ್‌ನಲ್ಲಿ ಎದುರಿಗೆ ಮತ್ತೆ ಮಿಯಾಮಿ; ಈ ಬಾರಿ ಡ್ವೇನ್ ವೇಡ್ ಜೊತೆಗೆ ಲೆಬ್ರಾನ್ ಜೇಮ್ಸ್, ಕ್ರಿಸ್ ಬಾಷ್ ಕೂಡ. ಮೊದಲ ಪಂದ್ಯದಲ್ಲೇ ನೋವಿಟ್ಸ್ಕಿಯವರ ಎಡಗೈ ಮಧ್ಯದ ಬೆರಳಿನ ಸ್ನಾಯುರಜ್ಜು ಹರಿಯಿತು. ಎರಡನೆಯದರಲ್ಲಿ 15 ಅಂಕ ಹಿಂದಿದ್ದ ಡಲ್ಲಾಸ್ ಎದ್ದುಬಂದಾಗ, ತಂಡದ ಕೊನೆಯ ಒಂಬತ್ತು ಅಂಕಗಳೂ ಅವರವೇ. ಗೆಲುವಿನ ಬ್ಯಾಸ್ಕೆಟ್ ಹಾಕಿದ್ದು ಅದೇ ಎಡಗೈಯಿಂದ. ನಾಲ್ಕನೆಯದನ್ನು ಜ್ವರದಲ್ಲಿ ಆಡಿ ಗೆಲ್ಲಿಸಿದರು. ಆರನೆಯದರ ಮೊದಲಾರ್ಧದಲ್ಲಿ 12ರಲ್ಲಿ ಒಂದೇ ಎಸೆತ ಒಳಗೆ ಬಿದ್ದರೂ, ಜೇಸನ್ ಟೆರಿಯ 27 ಅಂಕಗಳು ತಂಡವನ್ನು ಕಾಪಾಡಿದವು. ಇದನ್ನು ಹೇಳದಿದ್ದರೆ ಟೆರಿಗೆ ಅನ್ಯಾಯ. ಕೊನೆಯ ಗಂಟೆ ಬಾರಿಸಿದಾಗ ನೋವಿಟ್ಸ್ಕಿ ಸಂಭ್ರಮಕ್ಕೆ ನಿಲ್ಲದೆ, ಕಣ್ಣೀರು ಯಾರಿಗೂ ಕಾಣದಿರಲೆಂದು ಡ್ರೆಸಿಂಗ್ ರೂಮಿನತ್ತ ಹೋಗಿಬಿಟ್ಟರು.

ಪ್ರಶ್ನೆ: ಜರ್ಮನಿಯ ಬ್ಯಾಸ್ಕೆಟ್‌ಬಾಲ್‌ಗೆ ಅವರಿಂದ ಏನು ಸಂದಿತು?

ಉತ್ತರ: 2002ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು, 2005ರ ಯುರೋಬಾಸ್ಕೆಟ್‌ನಲ್ಲಿ (ಯುರೋಪಿನ ರಾಷ್ಟ್ರೀಯ ತಂಡಗಳ ಚಾಂಪಿಯನ್‌ಷಿಪ್) ಬೆಳ್ಳಿ, ಎರಡರಲ್ಲೂ ಟೂರ್ನಿಯ ಶ್ರೇಷ್ಠ ಆಟಗಾರನ ಗೌರವ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅವರು ದೇಶದ ಧ್ವಜ ಹಿಡಿದರು. ಎನ್‌ಬಿಎ ಋತುವಿನ ದಣಿವಿನ ನಂತರವೂ ಬೇಸಿಗೆಗಳಲ್ಲಿ ರಾಷ್ಟ್ರೀಯ ತಂಡಕ್ಕೆ ಬರುತ್ತಿದ್ದರು. ಅವರ ಕೊನೆಯ ಟೂರ್ನಿಯಾದ 2015ರ ಯುರೋಬಾಸ್ಕೆಟ್‌ನಲ್ಲಿ ಜೊತೆಗೆ ಆಡಿದ ಡೆನಿಸ್ ಶ್ರೋಡರ್ ಎಂಬ ಯುವಕನೇ, 2023ರಲ್ಲಿ ಮನಿಲಾದಲ್ಲಿ ಸರ್ಬಿಯಾವನ್ನು 83–77ರಿಂದ ಸೋಲಿಸಿ ಮೊದಲ ಬಾರಿಗೆ ವಿಶ್ವಕಪ್ ಗೆದ್ದ ಜರ್ಮನಿಯ ನಾಯಕ. ನೋವಿಟ್ಸ್ಕಿ ತೊಡುತ್ತಿದ್ದ 14ನೇ ಸಂಖ್ಯೆಯ ಅಂಗಿಯನ್ನು ಆ ತಂಡದಲ್ಲಿ ಯಾರೂ ತೊಟ್ಟಿರಲಿಲ್ಲ. ಜರ್ಮನಿ ಅದನ್ನು 2022ರಲ್ಲೇ ಅವರ ಗೌರವಾರ್ಥ ನಿವೃತ್ತಿಗೊಳಿಸಿತ್ತು.